ಒಳಮಾತು ಮತ್ತು ಭಾವಸಂಯಮ

ಬಾಯಿ ಮುಚ್ಚಿದ ಮಾತ್ರಕ್ಕೆ ಮನುಷ್ಯನ ಮಾತು ನಿಲ್ಲುವುದಿಲ್ಲ. ಹೊರಗೆ ಮೌನವಾಗಿ ಕುಳಿತವನ ಒಳಗೆ ಸಂತೆಯೇ ನೆರೆದಿರಬಹುದು. ಹಗಲು ನಾಲ್ಕು ಜನರ ಮುಂದೆ ಯಾರೋ ಆಡಿದ ಕಟುನುಡಿಯೊಂದು ರಾತ್ರಿ ಹಾಸಿಗೆಯ ಮೇಲೆ ಮತ್ತೆ ಕೇಳಿಸತೊಡಗುತ್ತದೆ. ಆಗ ಹೊಳೆಯದಿದ್ದ ಪ್ರತ್ಯುತ್ತರಗಳು ಈಗ ಒಂದೊಂದಾಗಿ ಹೊಳೆಯುತ್ತವೆ. ಎದುರಾಳಿ ಅಲ್ಲಿಲ್ಲದಿದ್ದರೂ ಅವನೊಡನೆ ವಾಗ್ವಾದ ನಡೆಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ವಾದವು ದಿಕ್ಕು ಬದಲಿಸಿ, 'ತಪ್ಪು ನನ್ನದೇ, ನಾನು ಯಾವುದಕ್ಕೂ ಬಾರದವನು' ಎಂಬ ಆತ್ಮನಿಂದೆಗೆ ಇಳಿಯುತ್ತದೆ. ಬೆಳಗಾಗುವ ವೇಳೆಗೆ ಆ ಮಾತನ್ನಾಡಿದವನು ಅದನ್ನು ಮರೆತೇಬಿಟ್ಟಿರುತ್ತಾನೆ. ಕೇಳಿಸಿಕೊಂಡವನು ಅದನ್ನು ನೂರು ಬಾರಿ ಕೇಳಿ ಬಳಲಿರುತ್ತಾನೆ. ಒಂದು ಸಲ ಅದನ್ನು ಪರರು ಆಡಿದ್ದರು. ಉಳಿದ ತೊಂಬತ್ತೊಂಬತ್ತು ಸಲ ಆಡಿದವನು ತಾನೇ.

ಇಂಥವನಿಗೆ ಬಂಧುಗಳೂ ಸ್ನೇಹಿತರೂ ಕೊಡುವ ಬುದ್ಧಿವಾದ ಸಾಮಾನ್ಯವಾಗಿ ಒಂದೇ: 'ಮನಸ್ಸಿಗೆ ಹಚ್ಚಿಕೊಳ್ಳಬೇಡ, ಮರೆತುಬಿಡು.' ಸದುದ್ದೇಶದ ಮಾತೇ ಸರಿ. ಆದರೆ ಮರೆಯುವ ಬಗೆಯನ್ನು ಯಾರೂ ತಿಳಿಸುವುದಿಲ್ಲ. ಕಳೆದ ಒಂದು ಶತಮಾನದಲ್ಲಿ ಮನಶ್ಶಾಸ್ತ್ರಜ್ಞರು ಈ ಒಳಮಾತಿನ ಮೂಲವನ್ನೂ ವ್ಯಾಪಾರವನ್ನೂ ಪ್ರಯೋಗಮುಖದಿಂದ ಪರೀಕ್ಷಿಸಿದ್ದಾರೆ. ಅವರ ಶೋಧನೆಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಳಮಾತನ್ನು ಅಡಗಿಸಹೊರಟವರು ಬಹುಮಟ್ಟಿಗೆ ಸೋಲುತ್ತಾರೆ. ಅದಕ್ಕೆ ಎದುರು ನಿಂತು ಅದರೊಡನೆ ಮಾತನಾಡಲು ಕಲಿತವರಿಗೆ ಅದು ಎಷ್ಟೋ ಮಟ್ಟಿಗೆ ಒಗ್ಗುತ್ತದೆ. ಇದರ ಕಾರಣವು ಒಳಮಾತು ಹುಟ್ಟಿದ ಬಗೆಯಲ್ಲಿಯೇ ಅಡಗಿದೆ.

ಮೂರು ನಾಲ್ಕು ವರ್ಷದ ಮಗು ಒಂಟಿಯಾಗಿ ಆಡುತ್ತಿರುವಾಗ ಗಟ್ಟಿಯಾಗಿ ಮಾತನಾಡಿಕೊಳ್ಳುವುದನ್ನು ಎಲ್ಲ ತಾಯಂದಿರೂ ಕಂಡಿರುತ್ತಾರೆ. 'ಇದನ್ನು ಇಲ್ಲಿಡಬೇಕು, ಬೀಳ್ತು, ಮತ್ತೆ ಇಡೋಣ' ಎಂದು ಅದು ತನಗೆ ತಾನೇ ಹೇಳಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ 1923ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಸ್ವಕೇಂದ್ರಿತ ಮಾತು ಎಂದು ಕರೆದರು. ಪರರ ದೃಷ್ಟಿಯನ್ನು ಇನ್ನೂ ಅರಿಯದ ಮಗುವಿನ ಅಪಕ್ವತೆಯ ಗುರುತು ಇದೆಂದೂ, ಮಗು ಬೆಳೆದಂತೆ ಇದು ಉದುರಿಹೋಗುವುದೆಂದೂ ಅವರ ಅಭಿಪ್ರಾಯವಾಗಿತ್ತು. ಈ ತೀರ್ಮಾನವನ್ನು ಒಪ್ಪದೆ ಮರುಪರೀಕ್ಷೆಗೆ ಒಡ್ಡಿದವರು ಸೋವಿಯತ್ ದೇಶದ ಲೆವ್ ವಿಗೋಟ್ಸ್ಕಿ. 1896ರಲ್ಲಿ ಜನಿಸಿ, 1934ರಲ್ಲಿ ಕ್ಷಯರೋಗದಿಂದ ತೀರಿಕೊಂಡ ಈ ಅಲ್ಪಾಯು ವಿದ್ವಾಂಸರ 'ಆಲೋಚನೆ ಮತ್ತು ಮಾತು' ಎಂಬ ಕೃತಿ ಅವರ ಮರಣದ ವರ್ಷವೇ ಹೊರಬಂದಿತು. ಇಂಗ್ಲಿಷಿಗೆ ಬಂದುದು 1962ರಲ್ಲಿ.

ವಿಗೋಟ್ಸ್ಕಿ ಮತ್ತು ಅವರ ಸಹೋದ್ಯೋಗಿಗಳು ಮಾಡಿದ ಉಪಾಯ ಸರಳವಾದುದು. ಮಕ್ಕಳು ಚಿತ್ರ ಬರೆಯಲು ಕುಳಿತಾಗ ಬೇಕಾದ ಕಾಗದವೋ ಬಣ್ಣದ ಪೆನ್ಸಿಲೋ ಸಿಗದಂತೆ ಬೇಕೆಂದೇ ಮಾಡಿದರು. ಅಡಚಣೆ ಎದುರಾದೊಡನೆ ಮಕ್ಕಳ ಸ್ವಗತವು ಹೆಚ್ಚುಕಡಿಮೆ ಇಮ್ಮಡಿಯಾಯಿತು. ನಿರರ್ಥಕವಾದ ಅಪಕ್ವತೆಯಾಗಿದ್ದರೆ ಕಷ್ಟಕಾಲದಲ್ಲಿಯೇ ಅದು ಹೆಚ್ಚುವುದೇಕೆ? ಐದೂವರೆ ವರ್ಷದ ಒಂದು ಮಗು ಟ್ರಾಮ್ ಗಾಡಿಯ ಚಿತ್ರ ಬರೆಯುತ್ತಿದ್ದಾಗ ಪೆನ್ಸಿಲಿನ ಮೊನೆ ಮುರಿಯಿತು. ಮುರಿಯಿತೆಂದು ತನ್ನಷ್ಟಕ್ಕೆ ಗೊಣಗಿಕೊಂಡ ಮಗು, ಪೆನ್ಸಿಲನ್ನು ಬದಿಗಿಟ್ಟು ನೀರುಬಣ್ಣ ತೆಗೆದುಕೊಂಡು, ಅಪಘಾತಕ್ಕೆ ಸಿಕ್ಕಿ ಮುರಿದ ಟ್ರಾಮನ್ನು ಬರೆಯಲಾರಂಭಿಸಿತು! ಬಾಯಿಂದ ಬಂದ ಒಂದು ಮಾತು ಕೈಯ ಕೆಲಸವನ್ನೇ ಬೇರೆಡೆಗೆ ತಿರುಗಿಸಿತು. ಇನ್ನೊಂದು ಪ್ರಯೋಗದಲ್ಲಿ ಅವರು ಮಗುವನ್ನು ಅದರ ಭಾಷೆಯನ್ನರಿಯದ ಮಕ್ಕಳ ನಡುವೆ, ಅಥವಾ ಕಿವಿ ಕೇಳದ ಮಕ್ಕಳ ನಡುವೆ ಕೂರಿಸಿದರು. ಆಗ ಅದರ ಸ್ವಗತವು ತೀರ ಇಳಿದುಹೋಯಿತು. ತನಗಾಗಿಯೇ ಆಡಿಕೊಳ್ಳುವ ಮಾತಾದರೂ ಅದಕ್ಕೆ ಕೇಳುಗರ ಭ್ರಮೆಯಾದರೂ ಬೇಕಾಗಿತ್ತು ಎಂಬುದು ಇದರಿಂದ ವಿದಿತವಾಗುತ್ತದೆ.

ಈ ಆಧಾರಗಳಿಂದ ವಿಗೋಟ್ಸ್ಕಿ ಹೇಳಿದ್ದು ಇಷ್ಟು. ಮಾತು ಮೊದಲು ಇಬ್ಬರ ನಡುವೆ ಇರುತ್ತದೆ. 'ಮುಟ್ಟಬೇಡ, ಸುಡುತ್ತದೆ' ಎಂದು ತಾಯಿ ಹೇಳುತ್ತಾಳೆ. ಕೆಲಕಾಲದ ಮೇಲೆ ಒಲೆಯ ಬಳಿಗೆ ಬಂದ ಮಗು ಆ ಮಾತನ್ನೇ ತನಗೆ ತಾನು ಗಟ್ಟಿಯಾಗಿ ಹೇಳಿಕೊಂಡು ಕೈ ಹಿಂದೆಗೆಯುತ್ತದೆ. ಮುಂದೆ ಆ ಮಾತು ಪಿಸುನುಡಿಯಾಗಿ, ಶಾಲೆಗೆ ಹೋಗುವ ವಯಸ್ಸಿನಲ್ಲಿ ಕ್ರಮವಾಗಿ ಒಳಗಿಳಿದು, ವ್ಯಾಕರಣವನ್ನು ಕಳಚಿಕೊಂಡು ಸಂಕ್ಷೇಪಗೊಂಡು ಒಳಮಾತಾಗುತ್ತದೆ. ಆದುದರಿಂದ ಒಳಮಾತು ಮೂಲತಃ ಸಂವಾದ. ಅದರಲ್ಲಿ ಹೇಳುವವನೂ ಇದ್ದಾನೆ, ಕೇಳುವವನೂ ಇದ್ದಾನೆ. ಕೈ ಸುಡದಂತೆ ತಡೆಯುವ ತಾಯಿಯ ದನಿ ಒಳಗೆ ಬಂದಂತೆಯೇ, 'ನೀನು ದಡ್ಡ' ಎಂದು ತರಗತಿಯಲ್ಲಿ ಹಂಗಿಸಿದವರ ದನಿಯೂ ಬಂದು ಸೇರಿರುತ್ತದೆ. ಬಂದ ಅತಿಥಿಗಳೆಲ್ಲ ಹಿತೈಷಿಗಳೇ ಆಗಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಎಲ್ಲರಲ್ಲಿಯೂ ಒಳಮಾತು ಒಂದೇ ಪ್ರಮಾಣದಲ್ಲಿ ಇರುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಅಮೆರಿಕದ ರಸೆಲ್ ಹರ್ಲ್‌ಬರ್ಟ್ ಎಂಬವರು ಜನರಿಗೆ ಆಗಾಗ ಸದ್ದು ಮಾಡುವ ಪುಟ್ಟ ಯಂತ್ರವೊಂದನ್ನು ಕೊಟ್ಟು, ಸದ್ದಾದ ಕ್ಷಣಕ್ಕೆ ಸರಿಯಾಗಿ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಬರೆದಿಡಿಸಿ ಪರಿಶೀಲಿಸಿದರು. ಸರಾಸರಿಯಲ್ಲಿ ಸುಮಾರು ಕಾಲುಭಾಗದಷ್ಟು ಕ್ಷಣಗಳಲ್ಲಿ ಮಾತ್ರ ಒಳಮಾತು ಕಂಡುಬಂದಿತು. ಕೆಲವರಲ್ಲಿ ಅದು ಬಹುಪಾಲು, ಕೆಲವರಲ್ಲಿ ಇಲ್ಲವೇ ಇಲ್ಲ. ಚಿತ್ರರೂಪದಲ್ಲಿಯೋ ಕೇವಲ ಭಾವರೂಪದಲ್ಲಿಯೋ ಯೋಚಿಸುವವರೂ ಇದ್ದಾರೆ. ಮುಂದೆ ಹೇಳಲಿರುವ ವಿಷಯವು ಯಾರ ಒಳಗೆ ಮಾತು ಹೆಚ್ಚೋ ಅವರಿಗೆ ಹೆಚ್ಚಾಗಿ ಅನ್ವಯಿಸುತ್ತದೆ.

ಒಳಗೆ ಸೇರಿದ ದನಿಯು ಎಷ್ಟು ಸದ್ದಿಲ್ಲದೆ ಕೆಲಸ ಮಾಡುತ್ತದೆ ಎಂಬುದನ್ನು ತೋರಿಸಿಕೊಟ್ಟವರು ಫಿಲಡೆಲ್ಫಿಯಾದ ವೈದ್ಯ ಆರನ್ ಬೆಕ್ (1921–2021). ಅವರು ಫ್ರಾಯ್ಡ್ ಪಂಥದ ಮನೋವಿಶ್ಲೇಷಣೆಯಲ್ಲಿ ತರಬೇತಾದವರು. ಆ ಪದ್ಧತಿಯಲ್ಲಿ ರೋಗಿಯು ಮನಸ್ಸಿಗೆ ಬಂದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಬೇಕು. ಒಮ್ಮೆ ರೋಗಿಯೊಬ್ಬನು ಬೆಕ್ ಅವರನ್ನೇ ಕೋಪದಿಂದ ಟೀಕಿಸುತ್ತಿದ್ದನು. ಏನನಿಸುತ್ತಿದೆ ಎಂದು ಅವರು ಕೇಳಿದಾಗ, ತೀವ್ರವಾದ ಅಪರಾಧಿಭಾವ ಕಾಡುತ್ತಿದೆ ಎಂಬ ಉತ್ತರ ಬಂತು. ಕೋಪದ ನಡುವೆ ಅಪರಾಧಿಭಾವ ಎಲ್ಲಿಂದ? ಕೆದಕಿ ಕೇಳಿದಾಗ ಹೊರಬಿದ್ದ ಸಂಗತಿ ಬೆಕ್ ಅವರ ಮುಂದಿನ ಬಾಳಿನ ಕೆಲಸವನ್ನೇ ನಿರ್ಧರಿಸಿತೆನ್ನಬಹುದು. ಹೊರಗೆ ವೈದ್ಯರನ್ನು ಬಯ್ಯುವ ಮಾತು ಹರಿಯುತ್ತಿರುವಾಗಲೇ, ಅದರ ಅಡಿಯಲ್ಲಿ ಇನ್ನೊಂದು ಹರಿವು ಇತ್ತು: ತಾನು ಹೀಗೆ ಹೇಳಬಾರದಿತ್ತು, ತಾನು ಕೆಟ್ಟವನು, ಇನ್ನು ಇವರು ತನ್ನನ್ನು ಮೆಚ್ಚುವುದಿಲ್ಲ ಎಂಬ ಮಾತುಗಳು ಒಂದರ ಹಿಂದೆ ಒಂದು ಮಿಂಚಿ ಮರೆಯಾಗುತ್ತಿದ್ದವು. ಯಾರೂ ಕೇಳಿರದಿದ್ದುದರಿಂದ ರೋಗಿಯೂ ಅವನ್ನು ಹೇಳಿರಲಿಲ್ಲ.

ಇವನ್ನು ಬೆಕ್ ತಾವಾಗಿಯೇ ಮೂಡುವ ಆಲೋಚನೆಗಳೆಂದು ಕರೆದರು. ಅವುಗಳ ಲಕ್ಷಣ ವಿಚಿತ್ರವಾದುದು. ಅವು ಚಿಕ್ಕವು, ವೇಗವುಳ್ಳವು. ಅವು ಬಂದುಹೋದುದು ಗಮನಕ್ಕೇ ಬಾರದೆ, ಅವು ಬಿಟ್ಟುಹೋದ ದುಃಖವೋ ಭಯವೋ ಮಾತ್ರ ಅನುಭವಕ್ಕೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಸಾಕ್ಷ್ಯವನ್ನೂ ಕೇಳದೆ ಮನುಷ್ಯನು ಅವನ್ನು ನಿಜವೆಂದು ಒಪ್ಪಿಬಿಡುತ್ತಾನೆ. ಬೀದಿಯಲ್ಲಿ ಪರಿಚಿತನೊಬ್ಬನು ಮಾತನಾಡಿಸದೆ ಹೋದನೆನ್ನಿ. 'ನನ್ನನ್ನು ತಿರಸ್ಕರಿಸಿದ' ಎಂದು ಒಳದನಿ ನುಡಿದರೆ ಕೋಪ; 'ನಾನೇನೋ ತಪ್ಪು ಮಾಡಿರಬೇಕು' ಎಂದರೆ ಸಂಕಟ; 'ಪಾಪ, ಯಾವುದೋ ಚಿಂತೆಯಲ್ಲಿದ್ದಾನೆ' ಎಂದರೆ ಅನುಕಂಪ. ಘಟನೆ ಒಂದೇ, ಭಾವ ಮೂರು. ನಡುವೆ ನಿಂತು ಅರ್ಥ ಹೇಳಿದ ದುಭಾಷಿ ಮಾತ್ರ ಬೇರೆ ಬೇರೆ.

ಹಾಗಾದರೆ ಆ ದುಭಾಷಿಯ ಬಾಯಿ ಮುಚ್ಚಿಸಬಾರದೇಕೆ? ಈ ಪ್ರಶ್ನೆಗೆ ಉತ್ತರ ಟೆಕ್ಸಾಸಿನಲ್ಲಿ ದೊರೆಯಿತು. ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಐದು ನಿಮಿಷಗಳ ಕಾಲ ಬಿಳಿಯ ಕರಡಿಯನ್ನು ನೆನೆಯಬಾರದೆಂದೂ, ನೆನಪು ಬಂದರೆ ಗಂಟೆ ಬಾರಿಸಬೇಕೆಂದೂ ತಿಳಿಸಲಾಯಿತು. ಗಂಟೆ ಮತ್ತೆ ಮತ್ತೆ ಬಾರಿಸಿತು. ಅಷ್ಟೇ ಅಲ್ಲ, ಬಳಿಕ 'ಈಗ ಬೇಕಾದರೆ ನೆನೆಯಿರಿ' ಎಂದಾಗ, ಮೊದಲಿನಿಂದಲೇ ನೆನೆಯಲು ಅಪ್ಪಣೆ ಪಡೆದಿದ್ದವರಿಗಿಂತಲೂ ಹೆಚ್ಚಾಗಿ ಇವರ ಮನಸ್ಸನ್ನು ಕರಡಿ ಆಕ್ರಮಿಸಿತು. ಕಾರಣವನ್ನು ವೆಗ್ನರ್ ಮುಂದೆ ವಿವರಿಸಿದರು. ಒಂದು ಯೋಚನೆಯನ್ನು ಹೊರಗಿಡಬೇಕಾದರೆ, ಅದು ಒಳಬಂದಿತೇ ಎಂದು ಕಾವಲು ಕಾಯಬೇಕು. ಕಾಯಬೇಕಾದರೆ ಅದರ ಗುರುತನ್ನು ಸದಾ ನೆನಪಿನಲ್ಲಿಟ್ಟುಕೊಂಡಿರಬೇಕು. ಕಳ್ಳನನ್ನು ತಡೆಯಲು ನಿಂತ ಕಾವಲುಗಾರನೇ ಕಳ್ಳನ ಚಿತ್ರವನ್ನು ಮನೆಮನೆಗೆ ತೋರಿಸಿದಂತೆ. ದಣಿದಾಗ, ನಿದ್ರೆಗೆಟ್ಟಾಗ ತಡೆಯುವ ಶಕ್ತಿ ಕುಗ್ಗುತ್ತದೆ, ಕಾವಲು ಮಾತ್ರ ಉಳಿಯುತ್ತದೆ. 'ಮರೆತುಬಿಡು' ಎಂಬ ಬುದ್ಧಿವಾದವು ರಾತ್ರಿಯ ವೇಳೆಯಲ್ಲಿ ವಿಫಲವಾಗುವುದು ಇದರಿಂದಲೇ ಇರಬೇಕು. ಅದೇ ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ಕರಡಿ ನೆನಪಾದಾಗಲೆಲ್ಲ ಕೆಂಪು ಫೋಕ್ಸ್‌ವ್ಯಾಗನ್ ಕಾರನ್ನು ನೆನೆಯಿರಿ ಎಂದು ನಿಶ್ಚಿತವಾದ ಒಂದು ಬದಲಿಯನ್ನು ಕೊಟ್ಟಾಗ ಕರಡಿಯ ಪುನರಾಗಮನ ಕಡಿಮೆಯಾಯಿತೆಂಬುದೂ ಗಮನಾರ್ಹ. ಬರಿಯ ನಿಷೇಧಕ್ಕಿಂತ ಮನಸ್ಸಿಗೆ ಒಂದು ನೆಲೆಯನ್ನು ಕೊಡುವುದು ಲೇಸು.

ತುಟಿ ಬಿಗಿದು ಮುಖದಲ್ಲಿ ಏನನ್ನೂ ತೋರಗೊಡದಿರುವುದನ್ನೇ ಸಂಯಮವೆಂದು ತಿಳಿದವರು ಹಲವರಿದ್ದಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಗ್ರಾಸ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ತೋಳನ್ನು ಕತ್ತರಿಸುವ ಶಸ್ತ್ರಕ್ರಿಯೆಯ ಚಲನಚಿತ್ರವನ್ನು ತೋರಿಸಲಾಯಿತು. ಮುಖಭಾವವನ್ನು ಮರೆಮಾಡಿದವರಲ್ಲಿ ಒಳಗಿನ ಜುಗುಪ್ಸೆ ಕಡಿಮೆಯಾಗಲಿಲ್ಲ. ದೇಹದ ಉದ್ವೇಗವು ಹೆಚ್ಚಾಯಿತು. ಅದೇ ಚಿತ್ರವನ್ನು ವೈದ್ಯನ ತಟಸ್ಥ ದೃಷ್ಟಿಯಿಂದ ನೋಡಿದವರಲ್ಲಿ ಜುಗುಪ್ಸೆಯೇ ಇಳಿಯಿತು. ಮಡಕೆಯ ಬಾಯಿಗೆ ಮುಚ್ಚಳವಿಡುವುದಕ್ಕೂ ಕೆಳಗಿನ ಕೊಳ್ಳಿಯನ್ನು ಹಿಂದೆಳೆಯುವುದಕ್ಕೂ ಇರುವ ಅಂತರ ಇದು.

ಅಡಗಿಸುವುದು ಸಲ್ಲದೆಂದಮೇಲೆ, ಒಳಮಾತನ್ನು ಹರಿಯಬಿಟ್ಟರೆ ಸರಿಹೋದೀತೇ? ಅದೂ ಇಲ್ಲ. ದುಃಖವಾದಾಗ 'ನನಗೇಕೆ ಹೀಗಾಯಿತು' ಎಂದು ಅದನ್ನೇ ಸುತ್ತಿ ಸುತ್ತಿ ಯೋಚಿಸುವ ಅಭ್ಯಾಸಕ್ಕೆ ಇಂಗ್ಲಿಷ್ ಮನಶ್ಶಾಸ್ತ್ರದಲ್ಲಿ ದನವು ಮೆಲುಕು ಹಾಕುವ ಕ್ರಿಯೆಯ ಹೆಸರನ್ನೇ ಇಟ್ಟಿದ್ದಾರೆ. ಕನ್ನಡದಲ್ಲಿ ಮೆಲುಕು ಹಾಕುವುದೆಂದರೆ ಸವಿನೆನಪನ್ನು ಚಪ್ಪರಿಸುವುದೆಂಬ ಅರ್ಥವೇ ರೂಢಿಯಾಗಿದೆ. ದನ ಮೆಲುಕು ಹಾಕಿದ ಮೇವು ಜೀರ್ಣವಾಗಿ ಹಾಲಾಗುತ್ತದೆ. ಮನುಷ್ಯನು ಮೆಲ್ಲುವ ನೋವು ಜೀರ್ಣವಾಗುವುದೇ ಇಲ್ಲ. ಹೋಲಿಕೆಯು ದನಕ್ಕೆ ಅನ್ಯಾಯ ಮಾಡಿದಂತೆಯೇ ತೋರುತ್ತದೆ. ಈ ಅಭ್ಯಾಸವನ್ನು ಆಳವಾಗಿ ಅಧ್ಯಯನ ಮಾಡಿದ ಸೂಸನ್ ನೋಲೆನ್-ಹೂಕ್ಸೆಮಾ ಅವರಿಗೆ 1989ರ ಅಕ್ಟೋಬರ್ 17ರಂದು ಅನಿರೀಕ್ಷಿತವಾದ ಒಂದು ಪರೀಕ್ಷಾವಕಾಶ ಒದಗಿತು. ಅಂದು ಕ್ಯಾಲಿಫೋರ್ನಿಯಾದಲ್ಲಿ ಲೋಮಾ ಪ್ರಿಯೆಟಾ ಭೂಕಂಪವಾಯಿತು. ಅದಕ್ಕೆ ಎರಡು ವಾರಗಳ ಮುನ್ನವೇ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳ ಮನಃಸ್ಥಿತಿಯನ್ನೂ, ದುಃಖ ಬಂದಾಗ ಅವರು ವರ್ತಿಸುವ ರೀತಿಯನ್ನೂ ದಾಖಲಿಸಲಾಗಿತ್ತು. ಭೂಕಂಪದ ಅನಂತರ ಮತ್ತೆ ವಿಚಾರಿಸಿದಾಗ, ಮೊದಲೇ ಮೆಲುಕಿನ ಅಭ್ಯಾಸವಿದ್ದವರಲ್ಲಿ ಏಳು ವಾರಗಳಾದರೂ ಖಿನ್ನತೆ ಹೆಚ್ಚಾಗಿ ಉಳಿದಿದ್ದುದು ಕಂಡುಬಂದಿತು. ನೆಲ ನಡುಗಿದ್ದು ಎಲ್ಲರಿಗೂ ಸಮಾನವೇ ಆಗಿತ್ತು.

ಅಡಗಿಸಲೂ ಬಾರದು, ಹರಿಯಬಿಡಲೂ ಬಾರದು ಎಂಬ ಈ ಇಕ್ಕಟ್ಟಿನಿಂದ ಹೊರಬರುವ ದಾರಿಯು ವ್ಯಾಕರಣದ ಒಂದು ಸಣ್ಣ ಅಂಶದಲ್ಲಿ ಇದೆಯೆಂದರೆ ಯಾರಿಗಾದರೂ ಆಶ್ಚರ್ಯವಾದೀತು. ಮೆಲುಕಿನ ಮಾತೆಲ್ಲ ಸಾಮಾನ್ಯವಾಗಿ ಉತ್ತಮ ಪುರುಷದಲ್ಲಿ ಇರುತ್ತದೆ: 'ನಾನು', 'ನನಗೆ', 'ನನ್ನಿಂದ'. ಅಲ್ಲಿ ಹೇಳುವವನೂ ಕೇಳುವವನೂ ಒಂದಾಗಿಬಿಟ್ಟಿರುವುದರಿಂದ ಸಂವಾದ ಮುರಿದುಬಿದ್ದಿದೆ. ಮಿಚಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು ಆ ಪುರುಷವನ್ನು ಬದಲಿಸಿ ನೋಡಿದರು. 2014ರಲ್ಲಿ ಪ್ರಕಟವಾದ ಅವರ ಪ್ರಯೋಗಗಳೊಂದರಲ್ಲಿ, ತಾವು ಬಯಸುವ ಉದ್ಯೋಗಕ್ಕೆ ತಮ್ಮ ಅರ್ಹತೆಯೇನೆಂಬುದನ್ನು ಕುರಿತು ಪರೀಕ್ಷಕರ ಮುಂದೆ ಭಾಷಣ ಮಾಡಬೇಕೆಂದು ಜನರಿಗೆ ಹೇಳಲಾಯಿತು. ಸಿದ್ಧತೆಗೆ ಕೊಟ್ಟ ಕಾಲ ಐದೇ ನಿಮಿಷ. ಒಂದು ಗುಂಪಿನವರು ತಮ್ಮ ಅಳುಕನ್ನು 'ನಾನೇಕೆ ಹೆದರುತ್ತಿದ್ದೇನೆ' ಎಂಬ ರೀತಿಯಲ್ಲಿ ಯೋಚಿಸಬೇಕು. ಇನ್ನೊಂದು ಗುಂಪಿನವರು ತಮ್ಮ ಹೆಸರನ್ನೇ ಹಿಡಿದು, ಇಲ್ಲವೆ 'ನೀನು' ಎಂದು ಸಂಬೋಧಿಸಿ ಕೇಳಿಕೊಳ್ಳಬೇಕು. ಎರಡನೆಯ ಗುಂಪಿನವರ ಭಾಷಣ ಪರೀಕ್ಷಕರ ಎಣಿಕೆಯಲ್ಲಿ ಮೇಲಾಗಿತ್ತು. ಬಳಿಕ ಅವರನ್ನು ನಾಚಿಕೆಯೂ ಮೆಲುಕೂ ಕಡಿಮೆಯಾಗಿ ಕಾಡಿದವು. 2017ರ ಇನ್ನೊಂದು ಅಧ್ಯಯನದಲ್ಲಿ ಅಹಿತಕರ ಚಿತ್ರಗಳನ್ನು ನೋಡುವಾಗಿನ ಮಿದುಳಿನ ವಿದ್ಯುತ್ತರಂಗಗಳನ್ನು ಅಳೆದಾಗ, ತನ್ನನ್ನು ಹೆಸರಿನಿಂದ ಕರೆದುಕೊಂಡವರಲ್ಲಿ ಭಾವೋದ್ವೇಗದ ಗುರುತು ಮೊದಲ ಸೆಕೆಂಡಿನೊಳಗೇ ಇಳಿದಿತ್ತು. ಹೆಚ್ಚಿನ ಮಾನಸಿಕ ಶ್ರಮದ ಗುರುತು ಕಂಡಿರಲಿಲ್ಲ.

ಇದರ ಮರ್ಮ ಸುಲಭವಾಗಿ ತಿಳಿಯುವಂಥದು. ನೆರೆಮನೆಯವರ ಕಷ್ಟಕ್ಕೆ ವಿವೇಕದ ಮಾತು ಹೇಳಬಲ್ಲವನು ತನ್ನ ಕಷ್ಟದಲ್ಲಿ ತತ್ತರಿಸುವುದುಂಟು. ಹೆಸರಿನಿಂದ ಕರೆದುಕೊಂಡಾಗ ತಾನೇ ತನಗೆ ಒಂದು ಗಳಿಗೆ ನೆರೆಯವನಾಗುತ್ತಾನೆ. ವಿಗೋಟ್ಸ್ಕಿ ತೋರಿಸಿದ ಆ ಮೂಲ ಸಂವಾದವು ಮತ್ತೆ ಜೋಡಣೆಯಾಗುತ್ತದೆ.

ಪ್ರಯೋಗಶಾಲೆಗಳು ಹುಟ್ಟುವ ಮುನ್ನವೇ ಅನುಭವಿಗಳು ಈ ಮಾರ್ಗವನ್ನು ಹಿಡಿದಿದ್ದರು. ರೋಮನ್ ಸಾಮ್ರಾಟ ಮಾರ್ಕಸ್ ಆರೀಲಿಯಸ್ ಎರಡನೆಯ ಶತಮಾನದಲ್ಲಿ ತನಗಾಗಿಯೇ ಗ್ರೀಕ್ ಭಾಷೆಯಲ್ಲಿ ಬರೆದುಕೊಂಡ ಟಿಪ್ಪಣಿಗಳಲ್ಲಿ ಬಹುಭಾಗ ತನ್ನನ್ನು 'ನೀನು' ಎಂದೇ ಸಂಬೋಧಿಸಿಕೊಳ್ಳುತ್ತಾನೆ. ನಾಲ್ಕನೆಯ ಶತಮಾನದ ಕೊನೆಗೆ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡುತ್ತಿದ್ದ ಕ್ರೈಸ್ತ ಸಂನ್ಯಾಸಿ ಇವಾಗ್ರಿಯಸ್, ಸಾಧಕನ ಮನಸ್ಸಿಗೆ ಬರುವ ಎಂಟು ಬಗೆಯ ದುರಾಲೋಚನೆಗಳನ್ನು ವಿಂಗಡಿಸಿ, ಒಂದೊಂದಕ್ಕೂ ತಿರುಗಿ ಹೇಳಬೇಕಾದ ಧರ್ಮಗ್ರಂಥದ ವಾಕ್ಯಗಳನ್ನು ಸಂಗ್ರಹಿಸಿಟ್ಟನು. ಕನ್ನಡದಲ್ಲಿ ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದಿದೆ. ಅದರಲ್ಲಿ ಅವಳು ಹಸಿವು, ನೀರಡಿಕೆ, ನಿದ್ರೆಗಳನ್ನೂ ಕಾಮಕ್ರೋಧಾದಿಗಳನ್ನೂ ಒಂದೊಂದಾಗಿ ಹೆಸರು ಹಿಡಿದು ಕರೆದು ನಿಲ್ಲಿಸುತ್ತಾಳೆ. ಚೆನ್ನಮಲ್ಲಿಕಾರ್ಜುನನ ತುರ್ತು ಕಾರ್ಯದಲ್ಲಿ ತಾನಿರುವುದಾಗಿ ತಿಳಿಸುತ್ತಾಳೆ. ಅವು ಇಲ್ಲವೆಂದು ಅವಳು ನಟಿಸುವುದಿಲ್ಲ, ಅವುಗಳೊಡನೆ ಜಗಳಕ್ಕೂ ನಿಲ್ಲುವುದಿಲ್ಲ. ವಚನದ ಪರಮಾರ್ಥವು ಮನಶ್ಶಾಸ್ತ್ರದ ಅಳತೆಗೆ ಸಿಕ್ಕುವಂಥದಲ್ಲ. ಆದರೂ ಭಾವವನ್ನು ಎದುರಿಗೆ ನಿಲ್ಲಿಸಿ 'ನೀನು' ಎನ್ನುವ ರೀತಿಯೂ, ಮನಸ್ಸಿಗೆ ಹೋಗಬೇಕಾದ ಬೇರೊಂದು ಗುರಿಯನ್ನು ಕೊಟ್ಟಿರುವ ರೀತಿಯೂ ಗಮನಿಸತಕ್ಕವು. ಡಿ.ವಿ.ಜಿ. ಅವರು 1943ರಲ್ಲಿ ಪ್ರಕಟಿಸಿದ ಕಗ್ಗದ ಪದ್ಯಗಳು 'ಮಂಕುತಿಮ್ಮ'ನನ್ನು ಕರೆದು ಮುಗಿಯುವುದೂ ಇದೇ ಜಾತಿಯದು. ಮಂಕನೆಂದು ಕರೆದರೂ ಅಲ್ಲಿ ತಿರಸ್ಕಾರವಿಲ್ಲ, ಸಲಿಗೆಯಿದೆ.

ಈ ಕೊನೆಯ ಮಾತು ಮುಖ್ಯವಾದುದು. ಹೆಸರು ಹಿಡಿದು ಕರೆದುಕೊಳ್ಳುವುದು ಬಯ್ದುಕೊಳ್ಳುವುದಕ್ಕೆ ಉಪಯೋಗವಾದರೆ ಲಾಭವಿಲ್ಲ. ತರಗತಿಯಲ್ಲಿ ಹಂಗಿಸಿದವರ ದನಿಗೆ ಮತ್ತೊಮ್ಮೆ ಪೀಠ ಹಾಕಿಕೊಟ್ಟಂತಾಗುತ್ತದೆ. ಕಷ್ಟದಲ್ಲಿರುವ ಗೆಳೆಯನಿಗೆ ಯಾವ ದನಿಯಲ್ಲಿ ಹೇಳುವರೋ ಆ ದನಿ ಬೇಕು. ಬೆಕ್ ತಮ್ಮ ರೋಗಿಗಳಿಗೆ ಹೇಳುತ್ತಿದ್ದ ಕ್ರಮವೂ ಇದಕ್ಕೆ ಸಮೀಪವಾದುದು. ಹಾಳೆಯ ಮೇಲೆ ಕಂಬಸಾಲುಗಳನ್ನು ಎಳೆದು, ನಡೆದುದೇನು, ಆದ ಭಾವ ಯಾವುದು, ಆಗ ಮಿಂಚಿದ ಆಲೋಚನೆ ಏನು, ಅದಕ್ಕೆ ಸಾಕ್ಷ್ಯವನ್ನು ತೂಗಿ ಕೊಡಬಹುದಾದ ಉತ್ತರ ಯಾವುದು ಎಂಬುದನ್ನು ಬರೆಯಬೇಕು. 'ನಾನು ಯಾವುದಕ್ಕೂ ಬಾರದವನು' ಎಂಬ ವಾಕ್ಯ ತಲೆಯೊಳಗೆ ಇರುವಷ್ಟು ಹೊತ್ತು ತೀರ್ಪಿನಂತೆ ಇರುತ್ತದೆ. ಹಾಳೆಗೆ ಇಳಿದೊಡನೆ ಅದು ಒಂದು ಆಪಾದನೆ ಮಾತ್ರ, ವಿಚಾರಣೆಗೆ ಒಳಪಡುವಂಥದು.

ಬರೆವಣಿಗೆಯ ಬಗೆಗೆ ಪ್ರತ್ಯೇಕವಾದ ಅಧ್ಯಯನಗಳೂ ಇವೆ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಂದ್ರಾ ಬೀಲ್ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮ ಬಾಳಿನ ನೋವಿನ ಘಟನೆಯನ್ನು ನಾಲ್ಕು ದಿನ ದಿನಕ್ಕೆ ಹದಿನೈದು ನಿಮಿಷ ಬರೆದ ವಿದ್ಯಾರ್ಥಿಗಳು, ಬರೆದ ದಿನಗಳಲ್ಲಿ ಹೆಚ್ಚು ಕಳವಳಗೊಂಡರು. ಆದರೆ ಮುಂದಿನ ತಿಂಗಳುಗಳಲ್ಲಿ, ಘಟನೆಯನ್ನೂ ಅದರ ಭಾವವನ್ನೂ ಕೂಡಿಸಿ ಬರೆದವರು ವೈದ್ಯರ ಬಳಿಗೆ ಹೋದುದು ಕಡಿಮೆ. ತರುವಾಯದ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪರಿಶೀಲಿಸಿದಾಗ ಲಾಭ ನಿಜವೆಂದೂ, ಪ್ರಮಾಣದಲ್ಲಿ ಸಣ್ಣದೆಂದೂ ತಿಳಿದುಬಂದಿತು. ಭಾವಕ್ಕೆ ಹೆಸರಿಡುವುದರ ವಿಷಯದಲ್ಲಿಯೂ ಹೀಗೆಯೇ. ಕೋಪಗೊಂಡ ಮುಖದ ಚಿತ್ರವನ್ನು ನೋಡಿ 'ಕೋಪ' ಎಂಬ ಪದವನ್ನು ಆರಿಸಿದವರ ಮಿದುಳಿನಲ್ಲಿ, ಭಯ ಮೊದಲಾದ ಭಾವಗಳಿಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದರು. ಇವು ಯಾವುವೂ ಮಂತ್ರದಂಡಗಳಲ್ಲ. ಒಂದೆರಡು ದಿನಗಳ ಅಭ್ಯಾಸದಿಂದ ಬಾಲ್ಯದಲ್ಲಿ ಒಳಸೇರಿದ ದನಿ ಬದಲಾಗುವುದೆಂದು ಮಾರಾಟದ ಪುಸ್ತಕಗಳು ಹೇಳುವುದನ್ನು ನಂಬತಕ್ಕದ್ದಲ್ಲ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಎಲ್ಲ ಭಾವಗಳೂ ಇಳಿಸಬೇಕಾದವುಗಳಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಅಳು ರೋಗವಲ್ಲ. ಕೂಲಿ ಕೊಡದೆ ಸತಾಯಿಸುವ ಧಣಿಯ ಮೇಲೆ ಆಳಿಗೆ ಬರುವ ಕೋಪವನ್ನು ಒಳಮಾತಿನ ದೋಷವೆಂದು ತಿದ್ದಹೊರಟರೆ ಅದು ಅನ್ಯಾಯಕ್ಕೆ ನೆರವಾದಂತೆ. ಅಂಥ ಕಡೆ ಒಳದನಿಯು ಹೇಳುತ್ತಿರುವುದು ದಿಟವೇ ಆಗಿರುತ್ತದೆ, ಬದಲಾಗಬೇಕಾದುದು ಹೊರಗಿದೆ.

ಹಾಗೆಯೇ, ಸ್ವಪ್ರಯತ್ನಕ್ಕೆ ಮೀರಿದ ಸ್ಥಿತಿಗಳಿವೆ. ಎರಡು ವಾರಗಳಿಗೂ ಮೀರಿ ನಿದ್ರೆ, ಆಹಾರ, ಕೆಲಸಗಳಲ್ಲಿ ಆಸಕ್ತಿ ಕುಂದಿ ಖಿನ್ನತೆ ಆವರಿಸಿದ್ದರೆ, ಬದುಕು ಬೇಡವೆಂದು ಒಳದನಿ ಹೇಳತೊಡಗಿದ್ದರೆ, ಅಥವಾ ತನ್ನದಲ್ಲದ ದನಿಯೊಂದು ಹೊರಗಿನಿಂದಲೇ ಕಿವಿಗೆ ಕೇಳಿಸುತ್ತಿದ್ದರೆ, ಹೆಸರು ಹಿಡಿದು ಕರೆದುಕೊಳ್ಳುವುದಾಗಲಿ ಹಾಳೆಯ ಮೇಲೆ ಬರೆಯುವುದಾಗಲಿ ಸಾಲದು. ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಭಾರತ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಅದರ ಸಂಖ್ಯೆ 14416. ಕರೆ ಮಾಡಿದವರು ಕನ್ನಡದಲ್ಲಿಯೇ ಮಾತನಾಡಬಹುದು.